ಹತ್ತೊಂಬತ್ತು ಪಂಜುಗಳು ಆರಿದ ಮೇಲೆ

ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿಯವರ ಎಪ್ಕಾಟ್ ಎಂಬ ವಿಹಾರೋದ್ಯಾನವಿದೆ. ಅಲ್ಲಿನ ಕೆರೆಯ ಮೇಲೆ 1999ರಿಂದ ನಡೆಯುತ್ತಿದ್ದ 'ಇಲ್ಯುಮಿನೇಷನ್ಸ್: ರಿಫ್ಲೆಕ್ಷನ್ಸ್ ಆಫ್ ಅರ್ತ್' ಎಂಬ ಬಾಣಬಿರುಸಿನ ಪ್ರದರ್ಶನವನ್ನು 2018ರ ಬೇಸಿಗೆ ರಜೆಯಲ್ಲಿ, ಅಕ್ಕನ ಮಗಳ ಮನೆಗೆ ಹೋದಾಗ ನೋಡಿದೆ. ದಡದ ಸುತ್ತ 19 ಪಂಜು, ಕಳೆದ ಶತಮಾನಕ್ಕೊಂದರಂತೆ. ಉಫ್ ಎಂದು ಊದಿದ ಸದ್ದು, ಎಲ್ಲವೂ ಆರಿದವು. ಕಗ್ಗತ್ತಲು. ಆಮೇಲೆ ಮೊದಲ ಬಾಣ!

ಆರು ವರ್ಷದ ಮೊಮ್ಮಗ ಕಿವಿ ಮುಚ್ಚಿಕೊಂಡು ಅಳತೊಡಗಿದ. ಮಟಮಾರಿಯ ಮಾಳಿಗೆಯ ಮೇಲೆ ಗುಡುಗಿಗೆ ಹೆದರುತ್ತಿದ್ದ ನನಗೆ ಅಪ್ಪ ಹೇಳಿಕೊಟ್ಟ ಉಪಾಯ ನೆನಪಾಯಿತು.

"ಬೆಳಕು ಕಂಡ ಕೂಡ್ಲೆ ಎಣಸು, ಸಪ್ಪಳ ಹೇಳೇ ಬರ್ತದ" ಎಂದೆ.

ಬೆಳಕು ಕಣ್ಣಿಗೆ ಕ್ಷಣದಲ್ಲೇ ತಲುಪುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಸಾಗುತ್ತದೆ. 'ಒಂದು' ಎನ್ನುವಷ್ಟರಲ್ಲಿ ಢಮ್! ನಾಲ್ಕನೆಯ ಬಾಣಕ್ಕೆ ಹುಡುಗ ಕಿವಿಯಿಂದ ಕೈ ತೆಗೆದ. ಬಳಿಕ ಬಣ್ಣಗಳ ಪಾಠವೂ ಆಯಿತು: ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ, ನೀಲಿಗೆ ತಾಮ್ರ. (ಈ ನೀಲಿಯೇ ಕಷ್ಟದ್ದು, ಶಾಖ ಹೆಚ್ಚಾದರೆ ಬಣ್ಣ ಪೇಲವವಾಗುತ್ತದೆ.)

2019ರ ಸೆಪ್ಟೆಂಬರ್ 30ಕ್ಕೆ ಆ ಪ್ರದರ್ಶನ ನಿಂತಿತು. ಸುದ್ದಿ ಹೇಳಲು ಅವನೇ ಫೋನು ಮಾಡಿದ; ದನಿಯಲ್ಲಿ ಅಳುವಿತ್ತು. ಅಷ್ಟರಲ್ಲಿ ಅತ್ತ ಗುಡುಗು.

"ತಾತಾ, ಏಳು ಎಣಿಸಿದೆ!"

"ಎರಡು ಕಿಲೋಮೀಟರಿಗಿಂತ ಸ್ವಲ್ಪ ಆಚೆ ಅದ. ಅಂಗಳಕ್ಕ ಹೋಗಬ್ಯಾಡ" ಎಂದೆ.