ದನಿ ಕೂತರೆ ಎದೆಯ ಎಕ್ಸ್‌ರೇ ಯಾಕೆ? ಗಂಟಲಿನ ರಚನೆ ಮತ್ತು ಅದರ ನರಗಳು

ಬಹಳ ದಿನಗಳಿಂದ ದನಿ ಕೂತಿದೆ ಎಂದು ಡಾಕ್ಟರ ಬಳಿ ಹೋದರೆ ಕೆಲವೊಮ್ಮೆ ಎದೆಯ ಎಕ್ಸ್‌ರೇ ತೆಗೆಸಲು ಬರೆದುಕೊಡುತ್ತಾರೆ. ಕಿವಿನೋವು ಎಂದು ಹೋದರೆ ಬಾಯಿ ತೆರೆಸಿ ಗಂಟಲು ನೋಡುತ್ತಾರೆ. ಗಂಟಲಿಗೂ ಎದೆಗೂ ಏನು ಸಂಬಂಧ, ಕಿವಿಗೂ ಗಂಟಲಿಗೂ ಏನು ಸಂಬಂಧ ಎಂದು ಅಚ್ಚರಿಪಡುವವರು ಅನೇಕ. ಎರಡಕ್ಕೂ ಉತ್ತರ ಒಂದೇ: ಗಂಟಲಿನ ನರಗಳು ಸಾಗುವ ದಾರಿ.

ಬಿಟ್ಟಂಗಾಲ, ವಿರಾಜಪೇಟೆ ಕಡೆಯ ನಮ್ಮ ಕುಟುಂಬಗಳಿಗೆ ಗಂಟಲು ಕೆರೆತ, ಕೆಮ್ಮು ಹೊಸದಲ್ಲ. ಮಳೆಗಾಲದ ಥಂಡಿ, ಸೌದೆ ಒಲೆಯ ಹೊಗೆ, ಕಾಫಿ ಒಣಗಿಸುವ ದಿನಗಳ ಧೂಳು ಎಲ್ಲವೂ ಗಂಟಲಿಗೇ ತಾಗುತ್ತವೆ. ಆದ್ದರಿಂದಲೇ ಗಂಭೀರ ಕಾಯಿಲೆಯ ಸೂಚನೆಯನ್ನೂ 'ಇದು ಥಂಡಿಯದ್ದು' ಎಂದು ತಳ್ಳಿಹಾಕುವ ಅಪಾಯ ಇಲ್ಲಿ ಹೆಚ್ಚು. ಗಂಟಲು ಹೇಗಿದೆ ಎಂದು ತಿಳಿದರೆ ಯಾವುದನ್ನು ಮನೆಮದ್ದಿಗೆ ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಮೂರು ಅಂತಸ್ತಿನ ಕೊಳವೆ

ಗಂಟಲು ಎಂದರೆ ತಲೆಬುರುಡೆಯ ತಳದಿಂದ ಕುತ್ತಿಗೆಯ ಆರನೇ ಕಶೇರುಮಣಿಯವರೆಗೆ ಇಳಿಯುವ ಸ್ನಾಯುಗಳ ಕೊಳವೆ. ದೊಡ್ಡವರಲ್ಲಿ ಇದರ ಉದ್ದ ಸುಮಾರು 12ರಿಂದ 14 ಸೆಂಟಿಮೀಟರ್. ಮೇಲಿನ ಭಾಗ ಮೂಗಿನ ಹಿಂದೆ ಇದೆ. ಕಿವಿಯ ಒಳಗಿನಿಂದ ಬರುವ ಸಣ್ಣ ನಾಳವೊಂದು ಇಲ್ಲಿ ತೆರೆದುಕೊಳ್ಳುತ್ತದೆ. ಮಕ್ಕಳಿಗೆ ಶೀತವಾದಾಗ ಕಿವಿ ಕಟ್ಟುವುದು ಇದರಿಂದಲೇ. ನಡುವಿನ ಭಾಗ ಬಾಯಿಯ ಹಿಂದೆ. ಬಾಯಿ ತೆರೆದರೆ ಕಾಣುವ ಕಿರುನಾಲಿಗೆ ಮತ್ತು ಎರಡು ಬದಿಯ ಟಾನ್ಸಿಲ್‌ಗಳು ಇಲ್ಲಿವೆ. ಕೆಳಗಿನ ಭಾಗ ಧ್ವನಿಪೆಟ್ಟಿಗೆಯ ಹಿಂದೆ ಇಳಿದು ಅನ್ನನಾಳವನ್ನು ಸೇರುತ್ತದೆ.

ಮದ್ರಸಕ್ಕೆ ಹೋಗುವ ಮಕ್ಕಳಿಗೆ ಈ ಭೂಪಟ ಈಗಾಗಲೇ ಗೊತ್ತಿದೆ. ತಜ್‌ವೀದ್ ಪಾಠದಲ್ಲಿ 'ಹಲ್ಕ್', ಅಂದರೆ ಗಂಟಲಿನಿಂದ ಹೊರಡುವ ಆರು ಅಕ್ಷರಗಳನ್ನು ಉಸ್ತಾದರು ಮೂರು ಜಾಗಗಳಾಗಿ ವಿಂಗಡಿಸಿ ಕಲಿಸುತ್ತಾರೆ. ಹಂಝ ಮತ್ತು ಹಗುರವಾದ ಹಾ ಗಂಟಲಿನ ಆಳದಿಂದ, ಐನ್ ಮತ್ತು ಒತ್ತಿ ಉಚ್ಚರಿಸುವ ಹಾ ನಡುವಿನಿಂದ, ಗೈನ್ ಮತ್ತು ಖಾ ಬಾಯಿಗೆ ಹತ್ತಿರದ ತುದಿಯಿಂದ. ಇಂದಿನ ಧ್ವನಿಶಾಸ್ತ್ರದ ಪ್ರಕಾರವೂ ಹಂಝ ಹುಟ್ಟುವುದು ಧ್ವನಿತಂತುಗಳು ಮುಚ್ಚಿ ತೆರೆಯುವಲ್ಲಿ. ಐನ್ ಹೇಳುವಾಗ ಗಂಟಲಿನ ನಡುಭಾಗ ಕಿರಿದಾಗುತ್ತದೆ. ಖಾ ಹೇಳುವಾಗ ನಾಲಿಗೆಯ ಹಿಂಭಾಗ ಕಿರುನಾಲಿಗೆಯ ಬಳಿ ಏಳುತ್ತದೆ. ಸುಮಾರು 1000 ವರ್ಷಗಳ ಹಿಂದೆ ಬಾಳಿದ ವೈದ್ಯ ಇಬ್ನ್ ಸೀನಾ (980-1037) ಅಕ್ಷರಗಳ ಧ್ವನಿ ಹೇಗೆ ಹುಟ್ಟುತ್ತದೆ ಎಂಬ ಬಗ್ಗೆಯೇ ಒಂದು ಪುಟ್ಟ ಗ್ರಂಥ ಬರೆದು, ಅದರಲ್ಲಿ ಧ್ವನಿಪೆಟ್ಟಿಗೆಯ ರಚನೆಯನ್ನು ವಿವರಿಸಿದ್ದಾರೆ.

ನುಂಗುವಾಗ ನಡೆಯುವುದು

ಗಂಟಲಿನ ದೊಡ್ಡ ತೊಡಕು ಒಂದೇ. ಗಾಳಿ ಮತ್ತು ಆಹಾರ ಇಲ್ಲಿ ಒಂದೇ ದಾರಿಯಲ್ಲಿ ಬಂದು, ಕೆಳಗೆ ಬೇರೆಯಾಗಬೇಕು. ಗಾಳಿ ಮುಂದಿನ ಶ್ವಾಸನಾಳಕ್ಕೆ, ತುತ್ತು ಹಿಂದಿನ ಅನ್ನನಾಳಕ್ಕೆ. ನುಂಗುವ ಕ್ಷಣದಲ್ಲಿ ಮೃದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲೇಳುತ್ತದೆ. ಕುತ್ತಿಗೆಯ ಮುಂದೆ ಕೈಯಿಟ್ಟು ಎಂಜಲು ನುಂಗಿದರೆ ಇದು ನಿಮಗೇ ತಿಳಿಯುತ್ತದೆ. ಎಲೆಯಾಕಾರದ ಎಪಿಗ್ಲಾಟಿಸ್ ಮುಚ್ಚಳದಂತೆ ಬಾಗುತ್ತದೆ, ಧ್ವನಿತಂತುಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ, ಉಸಿರು ಕ್ಷಣಕಾಲ ನಿಲ್ಲುತ್ತದೆ. ಇದೆಲ್ಲ ಸುಮಾರು ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ.

ಈ ಕೆಲಸವನ್ನು ನಡೆಸುವುದು ನರಗಳು. ಆದ್ದರಿಂದ ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು. ಪ್ರೀತಿಯಿಂದ ಹಾಕಿದ ಆ ಗುಟುಕು ಶ್ವಾಸಕೋಶಕ್ಕೆ ಇಳಿಯಬಹುದು. ಪಾರ್ಶ್ವವಾಯು ಆದವರಿಗೂ ನುಂಗುವ ಶಕ್ತಿ ಸರಿಯಿದೆಯೇ ಎಂದು ಆಸ್ಪತ್ರೆಯಲ್ಲಿ ಪರೀಕ್ಷಿಸುವ ಮುನ್ನ ನೀರು, ಚಹಾ ಏನನ್ನೂ ಕೊಡಬೇಡಿ.

ನರಗಳ ಜಾಲ

ಮಿದುಳಿನಿಂದ ನೇರವಾಗಿ ಹೊರಡುವ 12 ಜೊತೆ ನರಗಳಲ್ಲಿ ಗಂಟಲಿಗೆ ಮುಖ್ಯವಾದವು ಎರಡು. ಒಂಬತ್ತನೆಯದು ಟಾನ್ಸಿಲ್, ಗಂಟಲಿನ ನಡುಭಾಗ ಮತ್ತು ನಾಲಿಗೆಯ ಹಿಂಭಾಗದ ಸ್ಪರ್ಶ, ನೋವುಗಳನ್ನು ಮಿದುಳಿಗೆ ತಿಳಿಸುತ್ತದೆ. ಬಾಯೊಳಗೆ ತೀರ ಹಿಂದಕ್ಕೆ ಬ್ರಷ್ ತಾಗಿದರೆ ಓಕರಿಕೆ ಬರುವುದು ಇದರಿಂದ. ಹತ್ತನೆಯದು ವೇಗಸ್ ನರ. ಗಂಟಲಿನ ಹೆಚ್ಚಿನ ಸ್ನಾಯುಗಳು ಮತ್ತು ಇಡೀ ಧ್ವನಿಪೆಟ್ಟಿಗೆ ಇದರ ಅಧೀನ.

ಈ ಎರಡೂ ನರಗಳ ಸಣ್ಣ ಕವಲುಗಳು ಕಿವಿಗೂ ಹೋಗುತ್ತವೆ. ಗಂಟಲಿನಲ್ಲಿ ಹುಣ್ಣಾದಾಗ ನೋವು ಕಿವಿಯಲ್ಲಿ ಆದಂತೆ ಅನಿಸುವುದು, ಕಿವಿ ಶುಚಿ ಮಾಡುವಾಗ ಕೆಲವರಿಗೆ ಕೆಮ್ಮು ಬರುವುದು ಇದರಿಂದಲೇ. ದೊಡ್ಡವರಿಗೆ ಒಂದೇ ಬದಿಯ ಕಿವಿನೋವು ವಾರಗಟ್ಟಲೆ ಇದ್ದು, ಕಿವಿಯಲ್ಲಿ ಏನೂ ಕಾಣದಿದ್ದರೆ ಗಂಟಲನ್ನು ತೋರಿಸಲೇಬೇಕು. ತಂಬಾಕು, ಅಡಿಕೆ ಜಗಿಯುವವರಂತೂ ತಡಮಾಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕನ್ನು ಮಾತ್ರವಲ್ಲ, ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಸುತ್ತಿ ಬರುವ ನರ

ಧ್ವನಿಪೆಟ್ಟಿಗೆಯೊಳಗೆ ಎರಡು ಧ್ವನಿತಂತುಗಳಿವೆ. ಮಾತಾಡುವಾಗ ಇವು ಗಂಡಸರಲ್ಲಿ ಸೆಕೆಂಡಿಗೆ 100ಕ್ಕಿಂತ ಹೆಚ್ಚು ಸಲ, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸುತ್ತವೆ. ಇವನ್ನು ತೆರೆಯುವ, ಮುಚ್ಚುವ ನರ ವೇಗಸ್‌ನ ಕವಲು. ಅದರ ದಾರಿ ವಿಚಿತ್ರ. ಧ್ವನಿಪೆಟ್ಟಿಗೆಯ ಪಕ್ಕದಲ್ಲೇ ಹಾದುಹೋಗುವ ವೇಗಸ್‌ನಿಂದ ಅದು ಅಲ್ಲಿಯೇ ಕವಲೊಡೆಯುವುದಿಲ್ಲ. ಬಲಗಡೆಯದು ಭುಜದ ಕಡೆಗೆ ಹೋಗುವ ರಕ್ತನಾಳವನ್ನು ಸುತ್ತಿ ಮೇಲೆ ಬರುತ್ತದೆ. ಎಡಗಡೆಯದು ಎದೆಯೊಳಗೇ ಇಳಿದು, ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನನ್ನು ಸುತ್ತಿ ಮತ್ತೆ ಕುತ್ತಿಗೆಗೆ ಏರುತ್ತದೆ. ತಾಯಿಯ ಗರ್ಭದಲ್ಲಿ ಶಿಶುವಿನ ಹೃದಯ ಮೊದಲು ಕುತ್ತಿಗೆಯ ಹತ್ತಿರ ಇರುತ್ತದೆ. ಅದು ಎದೆಗೆ ಇಳಿಯುವಾಗ ರಕ್ತನಾಳದ ಜೊತೆ ಈ ನರವನ್ನೂ ಎಳೆದೊಯ್ಯುತ್ತದೆ. ಜಿರಾಫೆಯಲ್ಲಿ ಇದೇ ನರ ಹಲವು ಮೀಟರ್ ಉದ್ದ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಸಿಕ್ಕಿತು. ಎದೆಯಲ್ಲಿ ಕ್ಷಯದ ಗಂಟು, ಶ್ವಾಸಕೋಶದ ಗಡ್ಡೆ ಅಥವಾ ಉಬ್ಬಿದ ಮಹಾಪಧಮನಿ ಈ ನರವನ್ನು ಒತ್ತಿದರೆ ಕೆಡುವುದು ದನಿ. ಎದೆಯಲ್ಲಿ ನೋವೇ ಇಲ್ಲದೆ, ಕಾಯಿಲೆಯ ಮೊದಲ ಸುಳಿವು ಗೊಗ್ಗರು ದನಿಯೇ ಆಗಿರಬಹುದು. ಒಂದು ಬದಿಯ ತಂತು ಸೋತರೆ ಗಾಳಿ ಸೋರುವಂತಹ ದನಿ ಬರುತ್ತದೆ, ನೀರು ಕುಡಿದರೆ ಕೆಮ್ಮು ಬರುತ್ತದೆ. ಎರಡೂ ಬದಿಯದು ಸೋತು ತಂತುಗಳು ತೆರೆಯದಿದ್ದರೆ ಉಸಿರಾಟಕ್ಕೇ ಕುತ್ತು.

ಇದೇ ನರ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ತಾಗಿಕೊಂಡೇ ಸಾಗುತ್ತದೆ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ಸರ್ಜನ್‌ಗಳು ಮೊದಲು ಈ ನರವನ್ನು ಗುರುತಿಸಿ ಕಾಪಾಡುತ್ತಾರೆ. ಶಸ್ತ್ರಚಿಕಿತ್ಸೆಗೆ ಮುನ್ನ ಧ್ವನಿತಂತುಗಳನ್ನು ನೋಡುವುದೂ ಇದಕ್ಕೇ. ಗುಡ್ಡಗಾಡಿನ ಮಣ್ಣಿನಲ್ಲಿರುವ ಅಯೋಡಿನನ್ನು ಜೋರು ಮಳೆ ತೊಳೆದು ಒಯ್ಯುತ್ತದೆ. ಅಯೋಡಿನ್ ಕೊರತೆಯಿಂದ ಗಳಗಂಡ ಬರುತ್ತದೆ. ಹಾಗಾಗಿ ಅಯೋಡಿನ್ ಇರುವ ಉಪ್ಪನ್ನೇ ತಂದು, ತೇವ ತಾಗದಂತೆ ಮುಚ್ಚಿಡಿ.

ದನಿಯಿಂದ ಕೆಲಸ ಮಾಡುವವರಿಗೆ

ಮುಅಝ್ಝಿನ್, ಉಸ್ತಾದ್, ಶಿಕ್ಷಕಿ ಇವರೆಲ್ಲ ದನಿಯಿಂದಲೇ ದುಡಿಯುವವರು. ಮೈಕ್ ಇರುವಾಗ ಕೂಗುವ ಅಗತ್ಯವಿಲ್ಲ. ಆಗಾಗ ಸ್ವಲ್ಪ ಸ್ವಲ್ಪ ನೀರು ಕುಡಿಯಿರಿ. ಪದೇ ಪದೇ ಗಂಟಲು ಕೆರೆಯುವುದರಿಂದ ತಂತುಗಳು ಉಜ್ಜಿ ಕೆಡುತ್ತವೆ. ದನಿ ಕೂತಾಗ ಒತ್ತಿ ಪಿಸುಗುಟ್ಟುವುದೂ ವಿಶ್ರಾಂತಿಯಲ್ಲ. ಮೌನವೇ ಒಳ್ಳೆಯದು. ರಮಝಾನಿನಲ್ಲಿ ಸಹರಿ ಹೊಟ್ಟೆ ತುಂಬ ಉಂಡು ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಗಂಟಲಿಗೆ ಏರಿ ಬೆಳಗಿನ ದನಿ ಕೆಡಬಹುದು. ಸಹರಿಯಲ್ಲಿ ಎಣ್ಣೆ, ಖಾರ ಕಡಿಮೆ ಮಾಡಿ, ಫಜ್ರ್ ಬಳಿಕವೂ ಸ್ವಲ್ಪ ಹೊತ್ತು ಕೂತಿದ್ದು ಮಲಗಿರಿ.

ಗಂಟಲಿಗೆ ಸಿಕ್ಕಿಕೊಂಡರೆ

ಕಡಲೆಕಾಯಿ, ಹುಣಸೆ ಬೀಜ, ಖರ್ಜೂರದ ಬೀಜಗಳನ್ನು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಸಿಕ್ಕಿಕೊಂಡವರು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಮಾತು, ಉಸಿರು ನಿಂತರೆ ಮುಂದಕ್ಕೆ ಬಾಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯಿಂದ 5 ಸಲ ಬಲವಾಗಿ ಗುದ್ದಿ. ಆಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳ ಮೇಲೆ ಮುಷ್ಟಿಯಿಟ್ಟು 5 ಸಲ ಒಳಕ್ಕೂ ಮೇಲಕ್ಕೂ ಒತ್ತಿ. ವಸ್ತು ಹೊರಬರುವ ತನಕ ಎರಡನ್ನೂ ಒಂದಾದ ಮೇಲೊಂದು ಮುಂದುವರಿಸಿ. ಒಂದು ವರ್ಷದೊಳಗಿನ ಕೂಸಿನ ಹೊಟ್ಟೆ ಒತ್ತಬಾರದು. ತಲೆ ಕೆಳಗಾಗುವಂತೆ ತೋಳಿನ ಮೇಲೆ ಬೋರಲು ಮಲಗಿಸಿ ಬೆನ್ನಿಗೆ 5 ಸಲ ಗುದ್ದಿ, ಬಳಿಕ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ 5 ಸಲ ಒತ್ತಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ಹುಡುಕಬೇಡಿ. ಅದು ಇನ್ನೂ ಒಳಕ್ಕೆ ಹೋಗುತ್ತದೆ.

ತಡಮಾಡಬಾರದ ಸೂಚನೆಗಳು

ದನಿ ಮೂರು ವಾರಗಳಾದರೂ ಸರಿಯಾಗದಿರುವುದು, ನುಂಗಲು ಕಷ್ಟ, ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ಮಾಯದ ಬಾಯಿಹುಣ್ಣು, ಕಾರಣವಿಲ್ಲದೆ ತೂಕ ಇಳಿಯುವುದು: ಇವುಗಳಲ್ಲಿ ಒಂದಿದ್ದರೂ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಉಸಿರೆಳೆಯುವಾಗ ಕೀರಲು ಸದ್ದು ಬಂದರೆ ಅಥವಾ ಜ್ವರದ ಮಗು ಎಂಜಲೂ ನುಂಗಲಾಗದೆ ಜೊಲ್ಲು ಸುರಿಸಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಮೂಗಿನ ಮೂಲಕ ಅಥವಾ ಬಾಯಿಯ ಮೂಲಕ ಸಣ್ಣ ಕ್ಯಾಮೆರಾ ಹಾಕಿ ಧ್ವನಿತಂತುಗಳನ್ನು ನೋಡುವ ಪರೀಕ್ಷೆ ಕೆಲವೇ ನಿಮಿಷಗಳದ್ದು. ಮಡಿಕೇರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ದನಿ ಮತ್ತು ನುಂಗುವಿಕೆಯ ತೊಂದರೆಗಳಿಗೆಂದೇ ತರಬೇತಿ ಪಡೆದವರು ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿದ್ದಾರೆ. ಬೇಗ ಪತ್ತೆಯಾದ ಧ್ವನಿತಂತುವಿನ ಕ್ಯಾನ್ಸರ್ ಬಹುಪಾಲು ಗುಣವಾಗುತ್ತದೆ, ದನಿಯೂ ಉಳಿಯುತ್ತದೆ. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದೀತು. ಮನೆಯಲ್ಲಿ ಯಾರಿಗಾದರೂ ಮೂರು ವಾರಗಳಿಂದ ದನಿ ಕೂತಿದ್ದರೆ ಶುಂಠಿ ಕಷಾಯದ ಜೊತೆಗೆ ಒಂದು ಓಪಿಡಿ ಚೀಟಿಯನ್ನೂ ಮಾಡಿಸಿ.