ಸರ್ಕಾರಿ ನೌಕರರ ಮದ್ಯಪಾನ ತಪಾಸಣೆ

ನೌಕರನು ಅಮಲಿನಲ್ಲಿ ಕರ್ತವ್ಯ ನಿರ್ವಹಿಸುತ್ತಿರುವನೇ ಎಂದು ಪತ್ತೆಹಚ್ಚುವ ಕ್ರಮವೇ ಮದ್ಯಪಾನ ತಪಾಸಣೆ. ಕೇಂದ್ರ ನಾಗರಿಕ ಸೇವಾ (ನಡತೆ) ನಿಯಮಗಳು, 1964 ಕರ್ತವ್ಯದ ವೇಳೆ ಅಮಲನ್ನು ನಿಷೇಧಿಸುತ್ತವೆಯೇ ಹೊರತು ಕಚೇರಿ ನೌಕರರಿಗೆ ನಿತ್ಯದ ಪರೀಕ್ಷೆಯನ್ನು ವಿಧಿಸುವುದಿಲ್ಲ. ರೈಲ್ವೆಯಲ್ಲಿ ಹಾಗಲ್ಲ. ಬೆಳಗಾವಿ–ಖಾನಾಪುರ–ಲೋಂಡಾ ಮಾರ್ಗವಿರಲಿ, ಬೇರಾವ ಮಾರ್ಗವಿರಲಿ, ರೈಲು ಓಡಿಸುವ ಸಿಬ್ಬಂದಿ ಕರ್ತವ್ಯಕ್ಕೆ ಮುಂಚಿನ 8 ಗಂಟೆಗಳಲ್ಲಿ ಮದ್ಯ ಸೇವಿಸಿರಬಾರದು. ಲೋಕೋ ಪೈಲಟ್‌ಗಳು ಕರ್ತವ್ಯಕ್ಕೆ ಹಾಜರಾಗುವಾಗಲೇ ಉಸಿರಿನ ಪರೀಕ್ಷೆಗೆ ಒಳಪಡುತ್ತಾರೆ. ಈ ಯಂತ್ರವು ಮದ್ಯವನ್ನಷ್ಟೇ ಗುರುತಿಸುತ್ತದೆ. ಗಾಂಜಾ ಮುಂತಾದವಕ್ಕೆ ಮೂತ್ರ ಅಥವಾ ರಕ್ತದ ಪರೀಕ್ಷೆ ಬೇಕಾಗುತ್ತದೆ. ಅಳತೆಗೆ ಇಷ್ಟು ಮಹತ್ವವೇಕೆಂದರೆ, ಬಾಯಿಯ ವಾಸನೆ, ತಡವರಿಸುವ ನಡಿಗೆ ಹಾಗೂ ತೊದಲು ಮಾತಿನ ಆಧಾರದ ಮೇಲಷ್ಟೇ ಮದ್ಯ ಸೇವನೆಯನ್ನು ನಿರ್ಣಯಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಬಚ್ಚೂಭಾಯಿ ಕರ್ಯಾನಿ ಪ್ರಕರಣದಲ್ಲಿ (1971) ಹೇಳಿದೆ. ಮೇಲಧಿಕಾರಿಯ ಬರಿಯ ಅನುಮಾನದಿಂದ ನೌಕರನನ್ನು ಕಾಯುವುದೂ ಇದೇ ಅಳತೆ.