ಜೀಪು ಒಂದು ಬದಿಗೆ ವಾಲಿದರೆ

ಕೊಡಚಾದ್ರಿಯ ಹಾದಿಯಲ್ಲಿ, ಮಡಿಕೇರಿ ಸಮೀಪದ ಮಾಂದಲಪಟ್ಟಿಯ ಏರಿನಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟಗಳೊಳಗಿನ ಕಲ್ಲುದಾರಿಗಳಲ್ಲಿ ಇಂದಿಗೂ ಹಳೆಯ ಫೋರ್ ವೀಲ್ ಜೀಪುಗಳದೇ ಕಾರುಬಾರು. ಇಪ್ಪತ್ತು ಮೂವತ್ತು ವರ್ಷ ದುಡಿದ ಇಂಥ ಗಾಡಿಯನ್ನು ಖಾಲಿ ನಿಲ್ಲಿಸಿ ಹಿಂದಿನಿಂದ ನೋಡಿದರೆ ಎಷ್ಟೋ ಸಲ ಅದು ನೆಟ್ಟಗೆ ನಿಂತಿರುವುದಿಲ್ಲ. ಒಂದು ಬದಿಯ ಮಡ್‌ಗಾರ್ಡ್ ಟೈರಿಗೆ ಹತ್ತಿರ ಬಂದಿರುತ್ತದೆ, ಇನ್ನೊಂದು ಬದಿ ಎದ್ದು ನಿಂತಿರುತ್ತದೆ. ಬಹಳ ಮಾಲೀಕರು ಇದನ್ನು ವಯಸ್ಸಿನ ಲಕ್ಷಣವೆಂದು ಬಿಟ್ಟುಬಿಡುತ್ತಾರೆ. ಆದರೆ ವಾಲಿದ ಗಾಡಿಯ ನಾಲ್ಕು ಚಕ್ರಗಳ ಮೇಲೆ ಭಾರ ಸರಿಯಾಗಿ ಹಂಚಿಹೋಗುವುದಿಲ್ಲ. ಹಾಗಾಗಿ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಭಾರ ಕಡಿಮೆಯಿರುವ ಚಕ್ರ ಮೊದಲು ಜಾರುತ್ತದೆ. ಮಲೆನಾಡಿನ ಮಳೆಗಾಲದ ತಿರುವುಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಗ್ಯಾರೇಜಿಗೆ ಹೋದವರಿಗೆ ಸಾಮಾನ್ಯವಾಗಿ ಸಿಗುವ ಮೊದಲ ಸಲಹೆ, ‘ಶಾಕ್ ಅಬ್ಸಾರ್ಬರ್ ಹೋಗಿದೆ, ಬದಲಾಯಿಸಿ’ ಎಂಬುದು. ಹಣ ಪೋಲಾಗುವುದು ಇಲ್ಲಿಂದಲೇ. ಶಾಕ್ ಅಬ್ಸಾರ್ಬರ್ ಗಾಡಿಯ ಭಾರ ಹೊರುವುದಿಲ್ಲ. ಸ್ಪ್ರಿಂಗ್ ಕುಣಿಯುವುದನ್ನು ತಡೆಯುವುದಷ್ಟೇ ಅದರ ಕೆಲಸ. ಗ್ಯಾಸ್ ತುಂಬಿದ ನಮೂನೆಯದು ಅಲ್ಪಸ್ವಲ್ಪ ಮೇಲಕ್ಕೆ ತಳ್ಳುವುದುಂಟು. ಎಣ್ಣೆಯದು ಅದನ್ನೂ ಮಾಡುವುದಿಲ್ಲ. ಭಾರ ಹೊರುವುದು ಸ್ಪ್ರಿಂಗ್. ಹಳೆಯ ಮಹೀಂದ್ರ ಜೀಪುಗಳಲ್ಲೂ 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲೂ ನಾಲ್ಕೂ ಚಕ್ರಗಳಿಗೆ ಇರುವುದು ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪ್ಲೇಟ್‌ಗಳ ಸೆಟ್ಟು. 2010ರಲ್ಲಿ ಬಂದ ಥಾರ್‌ನಲ್ಲಿ ಹಿಂದೆ ಪ್ಲೇಟ್, ಮುಂದೆ ತಿರುಚಿಕೊಂಡು ಭಾರ ತಡೆಯುವ ಟಾರ್ಷನ್ ಬಾರ್.

ಎಲ್ಲ ವಾಲುವಿಕೆಯೂ ಸವೆತದಿಂದ ಬಂದದ್ದಲ್ಲ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಚಾಲಕ ಕೂರುತ್ತಿದ್ದುದು ಎಡಕ್ಕೆ. ಪೆಟ್ರೋಲ್ ಟ್ಯಾಂಕ್ ಇದ್ದದ್ದೂ ಅವನ ಸೀಟಿನ ಕೆಳಗೇ. ಆ ಹೆಚ್ಚಿನ ಭಾರಕ್ಕೆಂದು ಮುಂಭಾಗದ ಎಡ ಸ್ಪ್ರಿಂಗನ್ನು ಬಲಗಡೆಯದಕ್ಕಿಂತ ಗಟ್ಟಿಯಾಗಿ ಮಾಡಿದ್ದರು. ಬ್ರಿಟನ್ನಿನ ಹಳೆಯ ಲ್ಯಾಂಡ್ ರೋವರ್‌ಗಳಲ್ಲೂ ಚಾಲಕನ ಬದಿಯ ಸ್ಪ್ರಿಂಗ್ ಬೇರೆ, ಪಕ್ಕದ ಬದಿಯದು ಬೇರೆ. ಚಾಲಕನ ಬದಿಯದಕ್ಕೆ ಬಾಗು ಹೆಚ್ಚು. ಅಂಥ ಗಾಡಿಯನ್ನು ಖಾಲಿ ನಿಲ್ಲಿಸಿದಾಗ ಒಂದು ಬದಿ ತುಸು ಎತ್ತರ ಕಂಡರೆ ಅದು ದೋಷವಲ್ಲ. ದೋಷ ಬರುವುದು ರಿಪೇರಿಯಲ್ಲಿ. ಬಿಚ್ಚಿದ ಸೆಟ್ಟುಗಳಿಗೆ ಗುರುತು ಹಾಕದೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದರೆ ವಾಲು ಇಮ್ಮಡಿಯಾಗುತ್ತದೆ. ಹಾಗಾಗಿ ಹಳೆಯ ಗಾಡಿ ಕೊಂಡವರು ಮೊದಲು ನೋಡಬೇಕಾದದ್ದು ತಮ್ಮ ಮಾದರಿಗೆ ಎರಡೂ ಬದಿಗೆ ಒಂದೇ ಸ್ಪ್ರಿಂಗೋ, ಬೇರೆಬೇರೆಯೋ ಎಂಬುದನ್ನು.

ಇನ್ನು ಅಳತೆ. ನಾಲ್ಕೂ ಟೈರ್ ಒಂದೇ ಅಳತೆಯವಾಗಿರಬೇಕು, ಎಡಬಲದ ಗಾಳಿ ಸಮನಾಗಿರಬೇಕು. ಜೆರ್ರಿ ಕ್ಯಾನ್, ಹಗ್ಗ, ಕತ್ತಿ, ಗೊಬ್ಬರದ ಚೀಲ ಎಲ್ಲ ಇಳಿಸಬೇಕು. ಟೇಪನ್ನು ನೆಲದಿಂದ ಹಿಡಿಯಬಾರದು. ಚಕ್ರದ ನಡುಬಿಂದುವಿನಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿಗೆ ಹಿಡಿಯಬೇಕು. ಆಗ ಟೈರಿನ ಸವೆತ ಲೆಕ್ಕದಿಂದ ಹೊರಗುಳಿಯುತ್ತದೆ. ಪ್ಲೇಟ್‌ಗಳ ನಡುವಿನ ತಿಕ್ಕಾಟದಿಂದ ಗಾಡಿ ಎತ್ತರದಲ್ಲೋ ತಗ್ಗಿನಲ್ಲೋ ಸಿಕ್ಕಿಕೊಂಡು ನಿಲ್ಲುವುದರಿಂದ, ಅಳೆಯುವ ಮುಂಚೆ ಹತ್ತು ಮೀಟರ್ ಹಿಂದೆ ಮುಂದೆ ಓಡಿಸಿ, ನಾಲ್ಕೂ ಮೂಲೆಗಳನ್ನು ಕುಲುಕಿ ಬಿಡುವುದು ಒಳ್ಳೆಯದು.

ಸಮತಟ್ಟಾದ ನೆಲ ಹುಡುಕುವುದೂ ಸುಲಭವಲ್ಲ. ಪೆಟ್ರೋಲ್ ಬಂಕಿನ ಅಂಗಳವೂ ಕಾಫಿ ಒಣಗಿಸುವ ಕಣವೂ ಮಳೆನೀರು ಹರಿದುಹೋಗಲೆಂದು ಸಾಮಾನ್ಯವಾಗಿ ಇಳಿಜಾರಾಗಿಯೇ ಇರುತ್ತವೆ. ಇದಕ್ಕೆ ಉಪಾಯ ಸರಳ: ಒಮ್ಮೆ ಅಳೆದು, ಗಾಡಿಯನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ನಿಲ್ಲಿಸಿ ಮತ್ತೊಮ್ಮೆ ಅಳೆಯುವುದು. ಮೊದಲು ತಗ್ಗಿದ್ದ ಬದಿ ಈಗ ಎತ್ತರವಾದರೆ ತಪ್ಪು ನೆಲದ್ದು. ಎರಡು ಸಲವೂ ಅದೇ ಬದಿ ತಗ್ಗಿದ್ದರೆ ಗಾಡಿಯದು. ಎಡಬಲದ ವ್ಯತ್ಯಾಸ ಅರ್ಧ ಇಂಚಿನೊಳಗಿದ್ದರೆ ಹಳೆಯ ಗಾಡಿಯಲ್ಲಿ ಅದನ್ನು ಬೆನ್ನಟ್ಟುವ ಅಗತ್ಯ ಅಷ್ಟಾಗಿ ಇರುವುದಿಲ್ಲ.

ವ್ಯತ್ಯಾಸ ಅದಕ್ಕಿಂತ ಹೆಚ್ಚಿದೆ ಎಂದಿಟ್ಟುಕೊಳ್ಳಿ. ಯಾವ ಮೂಲೆ ತಗ್ಗಾಗಿ ಕಾಣುತ್ತದೋ ಅಲ್ಲಿಯ ಸ್ಪ್ರಿಂಗೇ ಕೆಟ್ಟಿದೆ ಎಂದು ತೀರ್ಮಾನಿಸುವುದು ಈ ಕೆಲಸದಲ್ಲಿ ಆಗುವ ಅತಿ ದೊಡ್ಡ ಎಡವಟ್ಟು. ನಾಲ್ಕು ಕಾಲಿನ ಮೇಜಿನ ಒಂದು ಕಾಲು ಗಿಡ್ಡವಾದರೆ ಕದಲುವುದು ಇಡೀ ಮೇಜು ತಾನೆ? ಹಿಂದಿನ ಎಡ ಸ್ಪ್ರಿಂಗ್ ಬಾಗು ಕಳೆದುಕೊಂಡು ಕೂತರೆ ಚಾಸಿ ಇಡಿಯಾಗಿ ಎಡಕ್ಕೆ ಹೊರಳುತ್ತದೆ, ಮುಂದಿನ ಎಡವೂ ತಗ್ಗುತ್ತದೆ. ಆಗ ಮಾಲೀಕ ಮುಂದಿನ ಸೆಟ್ಟು ಬದಲಾಯಿಸಿ ಹಣ ತೆತ್ತು ಬರುತ್ತಾನೆ. ವಾಲು ಮಾತ್ರ ಹಾಗೇ ಉಳಿಯುತ್ತದೆ.

ಹಿಂದಿನದೋ ಮುಂದಿನದೋ ಎಂದು ಬೇರ್ಪಡಿಸಲು ಒಂದು ಜಾಕ್ ಸಾಕು. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಮುಂದೆ ಚಾಸಿಯ ಅಡ್ಡ ಬೀಮಿನ ನಟ್ಟನಡುವೆ ಜಾಕ್ ಇಟ್ಟು, ಮುಂದಿನ ಸ್ಪ್ರಿಂಗ್‌ಗಳ ಭಾರ ಇಳಿಯುವವರೆಗೆ ನಿಧಾನವಾಗಿ ಎತ್ತಬೇಕು. ಈಗ ಗಾಡಿಯ ಮುಂಭಾಗ ಒಂದೇ ಬಿಂದುವಿನ ಮೇಲಿದೆ. ಎಡಕ್ಕೋ ಬಲಕ್ಕೋ ಎಳೆಯುವ ಶಕ್ತಿ ಅದಕ್ಕೆ ಉಳಿದಿಲ್ಲ. ಈಗಲೂ ಹಿಂಭಾಗ ವಾಲಿದ್ದರೆ ಕಾರಣ ಹಿಂದೆಯೇ ಇದೆ. ವಾಲು ಮಾಯವಾದರೆ ಮುಂದಿದೆ. ನಂತರ ಇದೇ ಪರೀಕ್ಷೆಯನ್ನು ಹಿಂಭಾಗಕ್ಕೂ ಮಾಡಬಹುದು. ಹೀಗೆ ಒಂದೇ ಜಾಕಿನ ಮೇಲೆ ನಿಂತ ಗಾಡಿ ಸುಲಭವಾಗಿ ಹೊರಳೀತು. ಅದರ ಕೆಳಗೆ ಯಾರೂ ನುಗ್ಗಬಾರದು, ಕೈ ಕೂಡ ಹಾಕಬಾರದು.

ಆಕ್ಸಲ್ ಯಾವುದೆಂದು ತಿಳಿದ ಮೇಲೆ ಕಣ್ಣಿಗೆ ಕೆಲಸ. ಟಾರ್ಚ್ ಹಿಡಿದು ಪ್ಲೇಟ್‌ಗಳ ಅಂಚನ್ನು ಒಂದೊಂದಾಗಿ ನೋಡಬೇಕು, ಕಟ್ ಆದ ಪ್ಲೇಟ್ ಕೆಸರಿನಡಿ ಅಡಗಿರುತ್ತದೆ. ಪ್ಲೇಟ್‌ಗಳನ್ನು ನಡುವೆ ಒಟ್ಟಿಗೆ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿದ್ದರೆ ಆಕ್ಸಲ್ ತುಸು ಹಿಂದಕ್ಕೋ ಮುಂದಕ್ಕೋ ಸರಿದಿರುತ್ತದೆ. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ತಿರುಗದೆ ತುಕ್ಕುಹಿಡಿದು ನಿಂತಿದ್ದರೆ ಒಳ್ಳೆಯ ಸ್ಪ್ರಿಂಗ್ ಕೂಡ ಕೆಲಸ ಮಾಡದು. ಸ್ಪ್ರಿಂಗ್ ತುದಿಗಳ ರಬ್ಬರ್ ಬುಷ್‌ಗಳದೊಂದು ಸೂಕ್ಷ್ಮವಿದೆ: ಗಾಡಿ ಜಾಕ್ ಮೇಲಿರುವಾಗಲೇ ಬೋಲ್ಟ್ ಬಿಗಿದರೆ ರಬ್ಬರ್ ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ. ಗಾಡಿ ಇಳಿದಾಗ ಅದು ತಿರುಚಿಕೊಂಡು ಆ ಮೂಲೆಯನ್ನು ಎತ್ತಿ ಹಿಡಿಯುತ್ತದೆ. ಎಷ್ಟೋ ‘ವಾಲು’ಗಳು ಬೋಲ್ಟ್ ಸಡಿಲಿಸಿ, ಗಾಡಿಯನ್ನು ನೆಲದ ಮೇಲೆ ಕುಲುಕಿ, ಮತ್ತೆ ಬಿಗಿದಷ್ಟಕ್ಕೇ ಸರಿಹೋಗುತ್ತವೆ. ಬಾಡಿ ಮತ್ತು ಚಾಸಿ ನಡುವಿನ ರಬ್ಬರ್ ಒಂದು ಬದಿಗೆ ನಶಿಸಿದ್ದರೂ ಜೀಪು ವಾಲಿದಂತೆ ಕಾಣುತ್ತದೆ. ಚಾಸಿಯಿಂದ ಆಕ್ಸಲ್‌ಗೆ ಪ್ರತ್ಯೇಕವಾಗಿ ಅಳೆದರೆ ಅದು ಗೊತ್ತಾಗುತ್ತದೆ.

ಇದಾವುದೂ ಸಿಗದಿದ್ದರೆ ಕೊನೆಯ ಪರೀಕ್ಷೆ ಅದಲುಬದಲು. ಎರಡೂ ಬದಿಗೆ ಒಂದೇ ಸ್ಪ್ರಿಂಗ್ ಇರುವ ಮಾದರಿಯಾದರೆ ಎಡ ಸೆಟ್ಟನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಬೇಕು. ವಾಲು ಬದಿ ಬದಲಿಸಿದರೆ ಸ್ಪ್ರಿಂಗ್ ಕೂತಿದೆ ಎಂದು ನಿಶ್ಚಯ. ಬದಲಿಸದಿದ್ದರೆ ಭಾರವನ್ನೋ ತಿರುಚಿದ ಚಾಸಿಯನ್ನೋ ಶಂಕಿಸಬೇಕು. ಸೆಟ್ಟುಗಳು ಕೆಳಗಿಳಿದಾಗಲೇ ಪಕ್ಕಪಕ್ಕ ಮಲಗಿಸಿ, ಒಂದು ತುದಿಯ ಕಣ್ಣಿನಿಂದ ಇನ್ನೊಂದು ತುದಿಯ ಕಣ್ಣಿಗೆ ದಾರ ಎಳೆದು ನಡುವಿನ ಬಾಗನ್ನು ಅಳೆದರೆ ಎಷ್ಟು ಕೂತಿದೆಯೆಂಬ ಲೆಕ್ಕವೂ ಸಿಗುತ್ತದೆ.

ಕೂತ ಪ್ಲೇಟನ್ನು ಸುತ್ತಿಗೆಯಿಂದ ಬಡಿದು ಮತ್ತೆ ಬಾಗಿಸಿಕೊಡುವವರು ಲಾರಿ ನಿಲ್ಲುವ ಊರುಗಳಲ್ಲೆಲ್ಲ ಇದ್ದಾರೆ. ಅವರ ಕೈಚಳಕ ದೊಡ್ಡದು. ಆದರೂ ಬಡಿದಷ್ಟರಿಂದಲೇ ಬಂದ ಎತ್ತರ ಬಹುಕಾಲ ನಿಲ್ಲುವುದು ಅಪರೂಪ. ಗ್ಯಾಸ್ ಜ್ವಾಲೆಯಲ್ಲಿ ಕೆಂಪಾಗಿಸಿ ಬಾಗಿಸುವುದಂತೂ ಕೂಡದು. ಸ್ಪ್ರಿಂಗ್ ಉಕ್ಕಿಗೆ ಬಾಗಿ ಮರಳುವ ಗುಣ ಬರುವುದು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿದಾಗ. ಆ ಹದ ಕೆಟ್ಟ ಪ್ಲೇಟ್ ಒಂದೋ ಬೇಗ ಕೂರುತ್ತದೆ, ಇಲ್ಲವೇ ಕಟ್ ಆಗುತ್ತದೆ. ಸವೆದು ತೆಳುವಾದ ಪ್ಲೇಟ್ ಉಳಿಸಿಕೊಳ್ಳುವುದರಲ್ಲೂ ಅರ್ಥವಿಲ್ಲ. ಪ್ಲೇಟಿನ ಗಡಸು ಅದರ ದಪ್ಪದ ಘನಕ್ಕೆ ಅನುಗುಣ. 6 ಮಿಲಿಮೀಟರ್ ಪ್ಲೇಟ್ ತುಕ್ಕು, ತಿಕ್ಕಾಟಗಳಿಂದ 5.4ಕ್ಕೆ ಇಳಿದರೆ ಆ ಗಡಸಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೋಯಿತು.

ತಗ್ಗಿದ ಬದಿಗೆ ಮಾತ್ರ ಒಂದು ಪ್ಲೇಟ್ ಹೆಚ್ಚು ಹಾಕುವುದು ನಮ್ಮಲ್ಲಿ ಬಲು ಪ್ರಚಲಿತ. ಗಾಡಿ ನೆಟ್ಟಗಾಗುತ್ತದೆ ನಿಜ, ಆದರೆ ಒಂದು ಬದಿ ಗಟ್ಟಿ, ಇನ್ನೊಂದು ಬದಿ ಮೆದು ಆಗುವುದರಿಂದ ಹೊಂಡಕ್ಕೆ ಬಿದ್ದಾಗ ಎರಡೂ ಬದಿ ಒಂದೇ ರೀತಿ ವರ್ತಿಸುವುದಿಲ್ಲ. ದುಬಾರಿಯಾದರೂ ಒಂದು ಆಕ್ಸಲ್‌ನ ಎರಡೂ ಸೆಟ್ಟುಗಳನ್ನು ಒಟ್ಟಿಗೆ ಬದಲಾಯಿಸುವುದೇ ಸರಿಯಾದ ದಾರಿ. 2010ರ ಥಾರ್‌ನಂಥ ಗಾಡಿಗಳಲ್ಲಿ ಟಾರ್ಷನ್ ಬಾರ್‌ನ ಬೋಲ್ಟ್ ತಿರುಗಿಸಿ ಮುಂದಿನ ಎತ್ತರ ಹೊಂದಿಸಬಹುದು. ಆ ಸೌಲಭ್ಯವೇ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ಹಿಂದಿನ ಪ್ಲೇಟ್ ಕೂತದ್ದನ್ನು ಮುಂದಿನ ಬೋಲ್ಟಿನಿಂದ ಮುಚ್ಚಿದರೆ ಗಾಡಿ ನೋಡಲು ನೆಟ್ಟಗಿದ್ದರೂ ಭಾರ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹಂಚಿಹೋಗಿರುತ್ತದೆ. ಬಾರ್‌ಗಳನ್ನು ಬಿಚ್ಚಿದರೆ ಎಡಬಲದ ಗುರುತು ತಪ್ಪದಂತೆಯೂ ನೋಡಿಕೊಳ್ಳಬೇಕು.

ಹೊಸ ಸೆಟ್ಟು ಕೂರಿಸುವಾಗ ಅದನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳೂ ಹೊಸವಿರಲಿ. ಒಮ್ಮೆ ಬಿಗಿದು ಎಳೆದ ಹಳೆಯವು ಮತ್ತೆ ಅಷ್ಟೇ ಬಿಗಿಯಾಗಿ ಹಿಡಿಯುವುದಿಲ್ಲ. ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ಗೆ ಸಣ್ಣ ಸರಳಿನಿಂದ ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಗಾಡಿಯ ಎತ್ತರ ನೋಡಿಕೊಂಡೇ ಅದು ಹಿಂದಿನ ಬ್ರೇಕಿಗೆ ಒತ್ತಡ ಹಂಚುವುದರಿಂದ, ಎತ್ತರ ಬದಲಾದಾಗ ಅದನ್ನೂ ಹೊಂದಿಸಬೇಕು. ಹೆಡ್‌ಲೈಟ್ ಬೆಳಕು ಎದುರು ಬರುವವರ ಕಣ್ಣಿಗೆ ಹೊಡೆಯದಂತೆ ತಿದ್ದಬೇಕು. ಹೊಸ ಪ್ಲೇಟ್‌ಗಳು ಮೊದಲ ಕೆಲವು ನೂರು ಕಿಲೋಮೀಟರ್‌ಗಳಲ್ಲಿ ತುಸು ಕೂರುವುದು ಸಹಜ. ಆಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿದು, ಅದೇ ನೆಲದ ಮೇಲೆ ಅದೇ ನಾಲ್ಕು ಅಳತೆಗಳನ್ನು ತೆಗೆದು ಬರೆದಿಟ್ಟುಕೊಂಡರೆ, ಮುಂದೆ ಎಂದಾದರೂ ಗಾಡಿ ವಾಲಿದೆ ಎನಿಸಿದಾಗ ಹೋಲಿಸಿ ನೋಡಲು ನೆರವಾಗುತ್ತದೆ.